ಒಂದು ದೇಶದ ಬಜೆಟ್‌ಗೆ ಐಸ್ ಸೇರಿದ್ದು

2014ರ ಮಾರ್ಚ್ ತಿಂಗಳು. ದುಬೈನ ಅಲ್ ಕೂಜ್‌ನಲ್ಲಿದ್ದ ಒಂದು ಖಾಸಗಿ ಆಹಾರ ಪರೀಕ್ಷಾ ಪ್ರಯೋಗಾಲಯದಲ್ಲಿ ನಾನು ಮೀನು ಮತ್ತು ಮಾಂಸ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮಂಗಳೂರಿನಲ್ಲಿ ಮೀನುಗಾರಿಕೆ ವಿಜ್ಞಾನ ಓದಿ ಅಲ್ಲಿಗೆ ಹೋದವಳು. ನಮ್ಮ ಒಂದು ಪಕ್ಕದಲ್ಲಿ ಟಯರ್ ಗೋದಾಮು, ಇನ್ನೊಂದು ಪಕ್ಕದಲ್ಲಿ ಅಮೃತಶಿಲೆ ಕತ್ತರಿಸುವ ವರ್ಕ್‌ಶಾಪ್. ಆಚೆ ಗರಗಸ ಶುರುವಾದರೆ ನಮ್ಮ ತಕ್ಕಡಿಯ ಅಂಕಿ ನಡುಗುತ್ತಿತ್ತು. ಹಾಗಾಗಿ ಸೂಕ್ಷ್ಮ ತೂಕದ ಕೆಲಸಗಳನ್ನೆಲ್ಲ ಅವರ ಊಟದ ಹೊತ್ತಿಗೆ ಮುಗಿಸುತ್ತಿದ್ದೆವು. ಹಡಗಿನಲ್ಲೋ ವಿಮಾನದಲ್ಲೋ ಬಂದ ಆಹಾರದ ಮಾದರಿ ಪರೀಕ್ಷಿಸಿ ‘ಪಾಸ್’ ಅಥವಾ ‘ಫೇಲ್’ ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಆ ಒಂದು ಪದ ಎಷ್ಟು ದೂರದವರೆಗೆ ಹೋಗಿ ಬಡಿಯುತ್ತದೆ ಎಂಬುದು ಆ ವರ್ಷದವರೆಗೆ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಹಿಂದೂ ಮಹಾಸಾಗರದಲ್ಲಿ ಒಂದು ಪುಟ್ಟ ದ್ವೀಪದೇಶವಿದೆ. ಹೆಸರು ಹೇಳುವುದು ಉಚಿತವಲ್ಲ. ನಕ್ಷೆಯಲ್ಲಿ ನೋಡಿದರೆ ನೀಲಿಯ ಮೇಲೆ ಸಾಸಿವೆ ಚೆಲ್ಲಿದಂತೆ ಕಾಣುತ್ತದೆ. ಅಕ್ಕಿ, ಈರುಳ್ಳಿ, ಡೀಸೆಲ್, ಸಿಮೆಂಟ್ ಎಲ್ಲವೂ ಅಲ್ಲಿಗೆ ಹೊರಗಿನಿಂದಲೇ ಬರಬೇಕು. ಅದನ್ನೆಲ್ಲ ಕೊಳ್ಳಲು ಬೇಕಾದ ಡಾಲರ್ ತರುವವರು ಇಬ್ಬರೇ: ಪ್ರವಾಸಿ ಮತ್ತು ಟ್ಯೂನಾ. ಟ್ಯೂನಾ ಎಂದರೆ ನಮ್ಮ ಕರಾವಳಿಯ ಕೇದರ ಜಾತಿಯ ಮೀನು. ಅದನ್ನು ಕೊಲ್ಲಿ ದೇಶಗಳ ಸೂಪರ್‌ಮಾರ್ಕೆಟ್‌ಗಳಿಗೆ ನೇರವಾಗಿ ಮಾರಬೇಕೆಂದು ಅಲ್ಲಿನ ಸರ್ಕಾರ ಹೊಸ ನೀತಿ ಮಾಡಿ, ಸರ್ಕಾರಿ ಮೀನು ಕಂಪನಿಯ ಮೂಲಕ ಅಬುಧಾಬಿಯ ಒಬ್ಬ ದೊಡ್ಡ ಖರೀದಿದಾರರ ಜತೆ ಒಪ್ಪಂದ ಮಾಡಿಕೊಂಡಿತ್ತು. ಅವರ ಮೀನಿನ ಪರೀಕ್ಷೆ ನಮ್ಮಲ್ಲಿ.

ಮೊದಲ ಮೂರು ಸರಕುಗಳೂ ಫೇಲ್ ಆದವು.

ಕಾರಣ ಹಿಸ್ಟಮೈನ್. ಟ್ಯೂನಾ ಹಿಡಿದ ಮೇಲೆ ಬಿಸಿಯಲ್ಲಿ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳು ಅದರ ಮಾಂಸದಲ್ಲಿ ಈ ಪದಾರ್ಥವನ್ನು ಹುಟ್ಟಿಸುತ್ತವೆ. ತಿಂದವರ ಮುಖ ಕೆಂಪೇರುತ್ತದೆ, ಮೈ ತುರಿಸುತ್ತದೆ, ತಲೆ ಸಿಡಿಯುತ್ತದೆ. ಇದರ ದೊಡ್ಡ ಅಪಾಯವೆಂದರೆ ಮೀನು ನೋಡಲು ಚೆನ್ನಾಗಿಯೇ ಇರಬಹುದು, ವಾಸನೆಯೂ ಬಾರದಿರಬಹುದು. ಒಮ್ಮೆ ಹುಟ್ಟಿದ ಮೇಲೆ ಫ್ರೀಜ್ ಮಾಡಿದರೂ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಪ್ರತಿ ಸರಕಿನಿಂದ ಒಂಬತ್ತು ಮಾದರಿ ತೆಗೆಯುತ್ತಿದ್ದೆವು. ಖರೀದಿದಾರರ ಮಿತಿ ಕಿಲೋಗೆ ನೂರು ಮಿಲಿಗ್ರಾಂ. ಒಂದು ಮಾದರಿ ಮೀರಿದರೂ ಸರಕು ವಾಪಸ್.

ಮೂರನೆಯ ವರದಿ ಹೋದ ಮರುದಿನ ಆ ಮೀನು ಕಂಪನಿಯ ವ್ಯವಸ್ಥಾಪಕ ಫೋನ್ ಮಾಡಿದ.

“ಮೇಡಂ, ಬೇರೆ ಬಾಕ್ಸ್‌ಗಳಿಂದ ಒಂಬತ್ತು ತೆಗೆದು ಇನ್ನೊಮ್ಮೆ ನೋಡಿ. ಪಾಸ್ ಆದದ್ದನ್ನು ಕಳಿಸಿ. ಇಷ್ಟಕ್ಕೆ ಯಾಕೆ ತಲೆ ಬಿಸಿ?”

“ಪಾಸ್ ಆಗುವವರೆಗೆ ಹುಡುಕುವುದಕ್ಕೆ ಪರೀಕ್ಷೆ ಅನ್ನುವುದಿಲ್ಲ,” ಎಂದೆ.

ನಮ್ಮ ಜನರಲ್ ಮ್ಯಾನೇಜರ್ ಡಾ. ನಬೀಲ್ ಈಜಿಪ್ಟಿನವರು, ಹಳೆಯ ಕಾಲದ ರಸಾಯನಶಾಸ್ತ್ರಜ್ಞ. ವಿಷಯ ಕೇಳಿ, “ಖಲಾಸ್. ಮರುಪರೀಕ್ಷೆ ಮಾಫಿ,” ಎಂದು, ಅಂದರೆ ಮುಗಿಯಿತು, ಮರುಪರೀಕ್ಷೆ ಇಲ್ಲ ಎಂದು, ಎರಡೇ ಮಾತಿನಲ್ಲಿ ಮುಗಿಸಿದರು. ಆದರೆ ಖರೀದಿದಾರರು ನೋಟಿಸ್ ಕಳಿಸಿದ್ದರು: ನಾಲ್ಕನೆಯದೂ ಫೇಲ್ ಆದರೆ ಒಪ್ಪಂದ ರದ್ದು.

ಅದಾಗಿ ಎರಡು ದಿನಕ್ಕೆ, ಮುಂಚೆ ತಿಳಿಸದೆ, ಒಬ್ಬ ಹೆಂಗಸು ನಮ್ಮ ಬಾಗಿಲಿಗೆ ಬಂದು ನಿಂತರು. ಐವತ್ತರ ಆಸುಪಾಸು, ಗಿಡ್ಡ ಮೈಕಟ್ಟು, ಕೈಯಲ್ಲಿ ನಮ್ಮ ಮೂರೂ ವರದಿ. ಆ ದೇಶದ ಹಣಕಾಸು ಸಚಿವಾಲಯದ ಉಪಕಾರ್ಯದರ್ಶಿ ಲತೀಫಾ. ಅವರ ಸರ್ಕಾರ ರಾಜಧಾನಿಯಲ್ಲಿ ಒಂದು ದೊಡ್ಡ ಮೀನು ಸಂಸ್ಕರಣಾ ಕಾರ್ಖಾನೆ ಕಟ್ಟಲು ಹೊರಟಿತ್ತು. ಅದಕ್ಕೆ ಬಂಡವಾಳ ಹೂಡಲು ಒಪ್ಪಿದ್ದ ಸಂಸ್ಥೆಯೊಂದರ ಜತೆ ಮಾತುಕತೆಗೆಂದು ಅಬುಧಾಬಿಗೆ ಬಂದವರು, ಅಲ್ಲಿಂದ ಟ್ಯಾಕ್ಸಿ ಹಿಡಿದು ನೇರ ನಮ್ಮಲ್ಲಿಗೆ ಬಂದಿದ್ದರು.

“ನಾನು ಅರ್ಥಶಾಸ್ತ್ರ ಓದಿದವಳು, ಮೀನು ಗೊತ್ತಿಲ್ಲ. ನಿಮ್ಮ ಯಂತ್ರ ಸರಿ ಇದೆಯೇ ಅಂತ ನನ್ನ ಕಣ್ಣಾರೆ ನೋಡಬೇಕು,” ಎಂದರು.

ನನಗೆ ಸಿಟ್ಟು ಬರಲಿಲ್ಲ. ಪ್ರಶ್ನೆ ನ್ಯಾಯವಾದದ್ದೇ. ಅವರೆದುರೇ ಒಳ್ಳೆಯ ಮೀನಿನ ತುಣುಕಿಗೆ ಅಳೆದ ಪ್ರಮಾಣದ ಹಿಸ್ಟಮೈನ್ ಸೇರಿಸಿ ಯಂತ್ರಕ್ಕೆ ಕೊಟ್ಟೆ. ಎಷ್ಟು ಹಾಕಿದ್ದೆನೋ ಹೆಚ್ಚುಕಡಿಮೆ ಅಷ್ಟನ್ನೇ ಯಂತ್ರ ತೋರಿಸಿತು. ಲತೀಫಾ ಕನ್ನಡಕ ತೆಗೆದು ಒರೆಸಿಕೊಂಡರು.

“ಸರಿ. ಹೊಸ ಕಾರ್ಖಾನೆ ಬಂದರೆ ಈ ತೊಂದರೆ ಹೋಗುತ್ತದಲ್ಲ?”

“ಹೋಗುವುದಿಲ್ಲ. ಕಾರ್ಖಾನೆಯ ಬಾಗಿಲಿಗೆ ಬರುವ ಮೊದಲೇ ಮೀನು ಕೆಟ್ಟಿರುತ್ತದೆ.”

ಅವರು ಮೂರೂ ವರದಿಗಳನ್ನು ಮಡಚಿ ಮೇಜಿನ ಮೇಲಿಟ್ಟರು. ಆಮೇಲೆ, “ಇದನ್ನು ನನಗೆ ಈವರೆಗೆ ಯಾರೂ ಹೇಳಿಲ್ಲ. ನಾಲ್ಕು ವಾರದಲ್ಲಿ ನಮ್ಮ ಸಚಿವರು ಬಂದು ಸಹಿ ಹಾಕುತ್ತಾರೆ,” ಎಂದರು. ಅವರ ದೇಶದಲ್ಲಿ ಎರಡು ಮನೆಗೊಬ್ಬರಂತೆ ಸಮುದ್ರಕ್ಕೆ ಹೋಗುವವರಿದ್ದಾರೆ, ಕೈಯಲ್ಲಿರುವ ಬಂಡವಾಳ ತಪ್ಪು ಕಡೆ ಕೂತರೆ ಮತ್ತೊಮ್ಮೆ ಕೇಳಲು ಯಾರೂ ಇಲ್ಲ ಎಂದು ವಿವರಿಸಿದರು. “ದೊಡ್ಡ ದೇಶ ಎಡವಿದರೆ ಮಂಡಿ ತರಚುತ್ತದೆ. ನಾವು ಎಡವಿದರೆ ನೀರಿಗೇ ಬೀಳುವುದು.”

ಎಲ್ಲಿ ಕೆಡುತ್ತಿದೆ ಎಂದು ಅವರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಇದ್ದದ್ದು ನಮ್ಮ ವಸಂತಣ್ಣನಲ್ಲಿ.

ವಸಂತಣ್ಣ ನಮ್ಮ ಸ್ಯಾಂಪಲ್ ಸಂಗ್ರಾಹಕ. ಏರ್‌ಪೋರ್ಟ್ ಕಾರ್ಗೋಗೆ ಹೋಗಿ ಪೆಟ್ಟಿಗೆ ಬಿಚ್ಚಿ ಮಾದರಿ ತರುವವರು. ದುಬೈಗೆ ಬರುವ ಮುಂಚೆ ಮಲ್ಪೆಯ ಬೋಟಿನಲ್ಲಿ ಹದಿನೈದು ವರ್ಷ ದುಡಿದವರು. ಲತೀಫಾ ಹೊರಟ ಮೇಲೆ ಅವರು ನನ್ನ ಮೇಜಿನ ಬಳಿ ಬಂದರು.

“ಮೇಡಂ, ಒಂದು ಹೇಳ್ತೇನೆ, ಬೇಜಾರು ಮಾಡ್ಬೇಡಿ. ಮೂರೂ ಸಲ ಹಾಳಾದದ್ದು ‘ಎನ್’ ಅಂತ ಬರೆದ ಪೆಟ್ಟಿಗೆದ್ದು ಮಾತ್ರ. ‘ಸಿ’ ಪೆಟ್ಟಿಗೆಗೆ ಎಂತದೂ ಆಗ್ಲಿಲ್ಲ. ಒಂದೇ ಸಮುದ್ರ, ಒಂದೇ ಮೀನು. ಮತ್ತೆ ಎಂತ ವ್ಯತ್ಯಾಸ ಮಾರಾಯ್ರೆ?”

“ನಿಮಗೆ ಹೇಗೆ ಗೊತ್ತು? ನಮ್ಮ ವರದಿಯಲ್ಲಿ ಬರೀ ಸ್ಯಾಂಪಲ್ ನಂಬರ್ ಇರೋದು.”

“ನಾನು ಯಾವ ಪೆಟ್ಟಿಗೆಯಿಂದ ತೆಗ್ದೆ ಅಂತ ನನ್ನ ಪುಸ್ತಕದಲ್ಲಿ ಬರ್ದಿಡ್ತೇನೆ. ಯಾರೂ ಕೇಳ್ಲಿಲ್ಲ, ಹಾಗೆ ಹೇಳ್ಲಿಲ್ಲ.”

ಆ ಮಾತು ನನಗೆ ಚುರುಕ್ಕೆಂದಿತು. ಮೂರು ವರದಿಗೆ ಸಹಿ ಹಾಕಿದವಳು ನಾನು. ಪೆಟ್ಟಿಗೆಯ ಮೇಲಿನ ಅಕ್ಷರ ಏನೆಂದು ಒಮ್ಮೆಯೂ ಕೇಳಿರಲಿಲ್ಲ. ಅವರ ಪುಸ್ತಕವನ್ನೂ ನನ್ನ ಫಲಿತಾಂಶಗಳನ್ನೂ ಪಕ್ಕಪಕ್ಕ ಇಟ್ಟು ಇಪ್ಪತ್ತೇಳು ಮಾದರಿಗಳನ್ನೂ ಹೊಂದಿಸಿದೆ. ಮಿತಿ ಮೀರಿದ ಏಳೂ ‘ಎನ್’. ಕೂಡಲೇ ಅಬುಧಾಬಿಯ ಹೋಟೆಲಿಗೆ ಫೋನ್ ಮಾಡಿದೆ.

“ಎನ್ ಅಂದರೆ ಉತ್ತರದ ದ್ವೀಪಗಳು, ಸಿ ರಾಜಧಾನಿಯ ಸುತ್ತಲಿನವು,” ಎಂದರು ಲತೀಫಾ.

“ಉತ್ತರದಲ್ಲಿ ಐಸ್ ಪ್ಲಾಂಟ್ ಇದೆಯೇ?”

ಆ ಕಡೆ ಉಸಿರು ಎಳೆದುಕೊಂಡದ್ದು ಕೇಳಿಸಿತು. “ಇಲ್ಲ. ರಾಜಧಾನಿಯಿಂದ ವಾರಕ್ಕೆರಡು ಸಲ ದೋಣಿಯಲ್ಲಿ ಹೋಗುತ್ತದೆ. ತಲುಪುವಾಗ ಅರ್ಧ ನೀರು.”

ಮುಂದಿನ ಹತ್ತು ದಿನ ಅವರ ಬಂದರು ನಿರೀಕ್ಷಕರು ದಾಖಲೆ ಪುಸ್ತಕಗಳ ಪುಟಪುಟದ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದರು. ಮೀನು ಹಿಡಿದ ಹೊತ್ತು, ಮೊದಲ ಐಸ್ ಕಂಡ ಹೊತ್ತು. ರಾಜಧಾನಿಯ ಸುತ್ತ ಈ ಅಂತರ ಎರಡು ಗಂಟೆಯೊಳಗೆ. ಉತ್ತರದಲ್ಲಿ ಏಳು, ಎಂಟು, ಒಮ್ಮೆ ಹನ್ನೊಂದು. ಅಷ್ಟೂ ಹೊತ್ತು ಮೀನು ಟಾರ್ಪಾಲಿನ ಕೆಳಗೆ ಬೇಯುತ್ತಿತ್ತು.

ಆದರೆ ಕಾಗದದ ಮೇಲಿನ ಅನುಮಾನ ಸಾಲದು, ಸಾಬೀತಾಗಬೇಕು. ಲತೀಫಾ ಮತ್ತು ನಾನು ಒಂದು ಪ್ರಯೋಗ ಗೊತ್ತುಮಾಡಿದೆವು. ಉತ್ತರದ ಅವೇ ದೋಣಿಗಳು, ಅವೇ ಮೀನುಗಾರರು, ಒಂದೇ ದಿನ. ಅರ್ಧ ದೋಣಿಗಳಿಗೆ ರಾಜಧಾನಿಯಿಂದ ವಿಶೇಷವಾಗಿ ತರಿಸಿದ ಐಸನ್ನು ಪೆಟ್ಟಿಗೆ ತುಂಬ ಕೊಟ್ಟು ಕಳಿಸುವುದು, ಉಳಿದವು ಎಂದಿನಂತೆ ಹೋಗುವುದು. ಐಸ್ ಕಂಡ ಮೀನೇ ನಾಲ್ಕನೆಯ ಸರಕು. ಉಳಿದ ದೋಣಿಗಳಿಂದ ಹೋಲಿಕೆಗೆ ಬರೀ ಮಾದರಿ. ಆ ಮೀನು ಮಾರಾಟಕ್ಕಿಲ್ಲ.

ಕಂಪನಿಯ ವ್ಯವಸ್ಥಾಪಕ ಒಪ್ಪಲಿಲ್ಲ. ಐಸ್ ಜಾಗ ತಿನ್ನುತ್ತದೆ, ದೋಣಿಗೆ ಮೀನು ಕಡಿಮೆಯಾಗುತ್ತದೆ, ಕೊನೆಯ ಅವಕಾಶದಲ್ಲಿ ಉತ್ತರದ ಮೀನನ್ನೇ ಯಾಕೆ ಕಳಿಸಬೇಕು, ರಾಜಧಾನಿಯದ್ದನ್ನು ಕಳಿಸಿ ಪಾಸ್ ಮಾಡಿಸಿಕೊಳ್ಳೋಣ ಎಂದು ವಾದಿಸಿದ. ನಿಜವಾಗಿ ಅದೇ ಸುಲಭದ ದಾರಿಯಾಗಿತ್ತು. ಲತೀಫಾ ಹೇಳಿದ ಉತ್ತರ ನನಗೆ ಈಗಲೂ ನೆನಪಿದೆ: “ಹಾಗೆ ಮಾಡಿದರೆ ಒಪ್ಪಂದ ಉಳಿಯುತ್ತದೆ, ಉತ್ತರದ ಜನ ಉಳಿಯುವುದಿಲ್ಲ.”

ಏಪ್ರಿಲ್ ಮೊದಲ ವಾರ ಮಾದರಿಗಳು ಬಂದವು. ಒಂಬತ್ತು ಮತ್ತು ಒಂಬತ್ತು, ಒಟ್ಟು ಹದಿನೆಂಟು. ಯಾವುದು ಯಾವುದೆಂದು ನನಗೆ ಗೊತ್ತಾಗಬಾರದೆಂದು ವಸಂತಣ್ಣನೇ ಗುಪ್ತ ಸಂಖ್ಯೆ ಹಾಕಿ, ಪಟ್ಟಿಯನ್ನು ಲಕೋಟೆಯಲ್ಲಿ ಮುಚ್ಚಿ ಡಾ. ನಬೀಲ್‌ಗೆ ಕೊಟ್ಟಿದ್ದರು. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿ ಮಧ್ಯಾಹ್ನ ಮೂರರ ಹೊತ್ತಿಗೆ ಕೊನೆಯ ಅಂಕಿ ಬರೆದುಕೊಂಡೆ. ಅಂಕಿಗಳು ಎರಡು ಗುಂಪಾಗಿರುವುದು ಕಾಣುತ್ತಿತ್ತು. ಆದರೆ ಚಿಕ್ಕ ಅಂಕಿಗಳೆಲ್ಲ ಐಸಿನವೇ ಎನ್ನಲು ಲಕೋಟೆ ಬಿಚ್ಚಬೇಕಿತ್ತು. ಫಲಿತಾಂಶ ನೋಡಲೆಂದೇ ಬಂದಿದ್ದ ಲತೀಫಾ ಕುರ್ಚಿಯ ಅಂಚಿನಲ್ಲಿ ಕೂತು ತುಟಿ ಅಲುಗಿಸುತ್ತಿದ್ದರು, ಪ್ರಾರ್ಥನೆಯಿರಬೇಕು.

“ಯಲ್ಲಾ, ನೋಡೋಣ,” ಎಂದು ಡಾ. ನಬೀಲ್ ಲಕೋಟೆ ಹರಿದು ಒಂದೊಂದೇ ಓದಿದರು. ಐಸ್ ಇಲ್ಲದ ಒಂಬತ್ತರಲ್ಲಿ ನಾಲ್ಕು ಮಿತಿ ಮೀರಿದ್ದವು, ಒಂದಂತೂ ಮಿತಿಯ ಮೂರು ಪಟ್ಟು. ಐಸ್ ಕಂಡ ಒಂಬತ್ತೂ ಹತ್ತು ಮಿಲಿಗ್ರಾಂ ಒಳಗೆ.

ವಸಂತಣ್ಣ ಬಾಗಿಲ ಬಳಿಯಿಂದಲೇ ತುಳುವಿನಲ್ಲಿ, “ಎಂಕ್ ಗೊತ್ತಿತ್ತ್ಂಡ್!” ಎಂದು ಕೂಗಿದರು. ನನಗೆ ಗೊತ್ತಿತ್ತು ಎಂದು ಆ ಮಾತಿನ ಅರ್ಥ. ಭಾಷೆ ತಿಳಿಯದಿದ್ದರೂ ಲತೀಫಾ ಎದ್ದು ಹೋಗಿ ಅವರ ಎರಡೂ ಕೈ ಹಿಡಿದು ಕುಲುಕಿದರು.

ಅರ್ಧ ಗೆದ್ದಂತಾಯಿತು. ಸರಕು ಪಾಸ್, ಒಪ್ಪಂದ ಉಳಿಯಿತು. ಆದರೆ ದೇಶದ ಬಂಡವಾಳ ಇನ್ನೂ ಕಾರ್ಖಾನೆಯ ಕಡೆಗೇ ಮುಖ ಮಾಡಿತ್ತು.

ಮುಂದಿನ ವಾರ ಅಬುಧಾಬಿಯಲ್ಲಿ ಸಭೆ. ಪರೀಕ್ಷೆಯ ವಿವರ ಹೇಳಲು ನನ್ನನ್ನೂ ಕರೆದಿದ್ದರು. ದುಬೈನ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ಮನೆಯಿಂದ ಹೊರಡುವಾಗ ಒಂಬತ್ತು ವರ್ಷದ ಮಗಳು, “ಆಲ್ ದ ಬೆಸ್ಟ್ ಅಮ್ಮ, ಡೋಂಟ್ ಟಾಕ್ ಟೂ ಮಚ್,” ಎಂದಳು. ದಾರಿಯುದ್ದಕ್ಕೂ ಅದನ್ನೇ ಉಪದೇಶವೆಂದು ನೆನೆಸಿಕೊಂಡೆ.

ಸಮುದ್ರಕ್ಕೆ ಮುಖ ಮಾಡಿದ ಎತ್ತರದ ಕಟ್ಟಡದಲ್ಲಿ ಉದ್ದನೆಯ ಮೇಜು. ಒಂದು ಬದಿ ಹೂಡಿಕೆದಾರ ಸಂಸ್ಥೆಯವರು, ಇನ್ನೊಂದು ಬದಿ ಆ ದೇಶದ ಹಣಕಾಸು ಸಚಿವರು. ಪರದೆಯ ಮೇಲೆ ಗಾಜಿನ ಮುಖದ ಕಾರ್ಖಾನೆಯ ಚಿತ್ರ. ಲತೀಫಾ ಎದ್ದು, ಅದೇ ಬಂಡವಾಳದಲ್ಲಿ ಮೊದಲು ಉತ್ತರದ ಆರು ದ್ವೀಪಗಳಿಗೆ ಐಸ್ ಪ್ಲಾಂಟ್, ಮಿಕ್ಕದ್ದರಲ್ಲಿ ಅರ್ಧ ಗಾತ್ರದ ಕಾರ್ಖಾನೆ ಎಂಬ ಪ್ರಸ್ತಾವ ಇಟ್ಟರು. ಸಚಿವರ ಹುಬ್ಬು ಗಂಟಿಕ್ಕಿತು.

“ಕಾರ್ಖಾನೆಯನ್ನು ಜನ ನೋಡುತ್ತಾರೆ. ಐಸನ್ನು ಯಾರು ನೋಡುತ್ತಾರೆ?”

“ಮೀನುಗಾರ ನೋಡುತ್ತಾನೆ ಸರ್,” ಎಂದರು ಲತೀಫಾ. “ದಿನಾ ನೋಡುತ್ತಾನೆ.”

ಹೂಡಿಕೆದಾರರ ಪ್ರತಿನಿಧಿ ನನ್ನ ಕಡೆ ತಿರುಗಿ, ಎರಡರಲ್ಲಿ ಒಂದೇ ಕಟ್ಟಬಹುದಾದರೆ ನೀವು ಯಾವುದನ್ನು ಕಟ್ಟುತ್ತೀರಿ ಎಂದು ಕೇಳಿದರು. ಮಗಳ ಮಾತು ನೆನೆದು ಚಿಕ್ಕದಾಗಿ ಹೇಳಿದೆ: “ಐಸ್ ಇಲ್ಲದ ಕಾರ್ಖಾನೆ ಕೆಟ್ಟ ಮೀನನ್ನು ಅಂದವಾಗಿ ಪ್ಯಾಕ್ ಮಾಡಿ ಕಳಿಸುತ್ತದೆ. ಅದನ್ನು ನಾನು ಇಲ್ಲಿ ಮತ್ತೆ ಫೇಲ್ ಮಾಡಬೇಕಾಗುತ್ತದೆ.”

ಸಚಿವರೇ ಮೊದಲು ನಕ್ಕರು. ಆಮೇಲೆ ಹದಿನೆಂಟು ಅಂಕಿಗಳಿದ್ದ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ಬಹಳ ಹೊತ್ತು ನೋಡಿದರು. “ಉತ್ತರ ನನ್ನ ತಾಯಿಯ ಊರು,” ಎಂದರು, ಯಾರಿಗೆಂದಿಲ್ಲದೆ. ಸಂಜೆ ಐದರ ಹೊತ್ತಿಗೆ ಹೊಸ ಪ್ರಸ್ತಾವಕ್ಕೆ ಎರಡೂ ಕಡೆಯವರು ಒಪ್ಪಿದ್ದರು. ಕೆಳಗಿಳಿಯುವ ಲಿಫ್ಟಿನಲ್ಲಿ ಲತೀಫಾ ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟರು. ಮೂವತ್ತು ವರ್ಷದ ನೌಕರಿಯಲ್ಲಿ ಸಚಿವರೊಬ್ಬರ ಮುಂದಿನ ಚಿತ್ರವನ್ನು ಬದಲಿಸಲು ತನಗೆ ಸಾಧ್ಯವಾದದ್ದು ಇದೇ ಮೊದಲು ಎಂದರು.

ಆ ವರ್ಷದ ಬಜೆಟ್ ಭಾಷಣ ಮುಗಿದ ಕೂಡಲೇ ಅವರು ಫೋನ್ ಮಾಡಿ, ಸಂಸತ್ತಿನಲ್ಲಿ ‘ಐಸ್’ ಎಂಬ ಪದ ಎಷ್ಟು ಸಲ ಬಂತೆಂದು ಎಣಿಸಿ ಹೇಳಿದರು. ಹನ್ನೊಂದು ಸಲ. 2015ರಲ್ಲಿ ಆರೂ ಪ್ಲಾಂಟ್ ಶುರುವಾದವು. ಅಲ್ಲಿಂದ ನಾನು ಕೆಲಸ ಬಿಡುವವರೆಗೆ ‘ಎನ್’ ಪೆಟ್ಟಿಗೆಯ ಒಂದು ಮಾದರಿಯೂ ಮಿತಿ ಮೀರಲಿಲ್ಲ. ಉತ್ತರದ ಮೀನಿಗೆ ರಾಜಧಾನಿಯ ಮೀನಿನಷ್ಟೇ ದರ ಸಿಗತೊಡಗಿತು. ನಮ್ಮ ವರದಿಯ ನಮೂನೆಯನ್ನೂ ಬದಲಿಸಿದೆವು. ಪೆಟ್ಟಿಗೆಯ ಗುರುತು, ಅದನ್ನು ಬಿಚ್ಚಿದವರ ಷರಾ, ಇವಕ್ಕೆ ಬೇರೆ ಅಂಕಣ. ವಸಂತಣ್ಣನಿಗೆ ‘ಸೀನಿಯರ್ ಸ್ಯಾಂಪ್ಲಿಂಗ್ ಆಫೀಸರ್’ ಎಂಬ ಹುದ್ದೆ ಕೊಡಿಸಿದರು ಡಾ. ನಬೀಲ್.

2016ರ ಆರಂಭದಲ್ಲಿ ದುಬೈನ ಒಂದು ಆಹಾರ ಮೇಳಕ್ಕೆ ಹೋಗಿದ್ದೆ. ಆ ದೇಶದವರು ತಮ್ಮದೇ ಮಳಿಗೆ ಹಾಕಿದ್ದರು. ಬಿಸಿಲಿಗೆ ಕಪ್ಪಾದ ಒಬ್ಬ ಮೀನುಗಾರ, ಉತ್ತರದವನಂತೆ, ಮೊದಲ ಬಾರಿ ದೇಶ ಬಿಟ್ಟು ಬಂದವನು, ದೊಡ್ಡ ಟ್ಯೂನಾದ ಮೈಗೆ ಥರ್ಮಾಮೀಟರ್ ಚುಚ್ಚಿ ಬಂದವರಿಗೆಲ್ಲ ತೋರಿಸುತ್ತಿದ್ದ. ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ ನನ್ನನ್ನೂ ಕರೆದ.

“ದೇಖೋ ದೀದಿ, ಏಕ್ ಡಿಗ್ರಿ!”

ಹಿಸ್ಟಮೈನ್ ಎಂದರೇನು, ಕಣ್ಣಿಗೆ ಯಾಕೆ ಕಾಣುವುದಿಲ್ಲ, ಬೇಯಿಸಿದರೂ ಯಾಕೆ ಹೋಗುವುದಿಲ್ಲ, ಮೀನು ಹಿಡಿದ ಗಳಿಗೆಯಿಂದ ಐಸ್ ಯಾಕೆ ಬೇಕು, ಎಲ್ಲವನ್ನೂ ಕೈ ಆಡಿಸುತ್ತ ನನಗೆ ವಿವರಿಸಿದ. ಒಂದು ತಪ್ಪೂ ಇರಲಿಲ್ಲ. ನಾನು ಯಾರೆಂದು ಹೇಳಲಿಲ್ಲ. ಮೊದಲ ಬಾರಿ ಕೇಳುವವಳ ಹಾಗೆ ನಿಂತು ಪೂರ್ತಿ ಕೇಳಿದೆ. ಪ್ರಯೋಗಾಲಯದಲ್ಲಿ ತಿಳಿದದ್ದು ದೋಣಿಯವನ ಬಾಯಲ್ಲಿ ಅವನದೇ ಮಾತಾಗಿ ಬಂದ ದಿನ ಪರೀಕ್ಷಕಳ ಕೆಲಸ ಮುಗಿಯುತ್ತದೆ, ಸಹಿ ಹಾಕಿದ ದಿನವಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನಾನು ಕಲಿತದ್ದು ಅದು, ಕಲಿಸಿದವನು ಆ ಮೀನುಗಾರ.