ಕೂಗಿದರೆ ಕೇಳಿಸುವ ಮನೆ

ಟೊಬೇಗೋದಲ್ಲಿ ಒಂದು ವಾರದ ರಜೆ ಕಳೆಯಬೇಕೆಂದರೆ ಕೌಸಿಲ್ ಆರು ವಾರ ಮೊದಲೇ ದುಡಿಯಲು ಶುರು ಮಾಡುತ್ತಿದ್ದಳು. ಟ್ರಿನಿಡಾಡಿನಿಂದ ಅಲ್ಲಿಗೆ ಹಡಗಿನಲ್ಲಿ ಐದಾರು ಗಂಟೆ. ಆ ದ್ವೀಪದಲ್ಲೂ ಅಂಗಡಿಗಳಿವೆ, ಮೀನಿದೆ, ಕೋಳಿಯಿದೆ. ಆದರೂ ಟ್ರಿನಿಡಾಡಿನ ನಮ್ಮೂರು ಪೆನಾಲ್ ಕಡೆಯ ಗಂಡಸರು ರಜೆಗೆ ಹೊರಟರೆ ಅಡುಗೆಮನೆಯೂ ಅವರ ಬೆನ್ನಿಗೆ ಹೊರಡಬೇಕು. ಎಂಟು ಬಾತುಕೋಳಿ ಕೊಯ್ದು, ಪುಕ್ಕ ಕಿತ್ತು, ಬೆಂಕಿಯಲ್ಲಿ ಸುಟ್ಟು, ತುಂಡರಿಸಿ, ಹಸಿರು ಮಸಾಲೆ ಹಚ್ಚಿ, ಖಾಲಿ ಬೆಣ್ಣೆ ಡಬ್ಬಿಗಳಲ್ಲಿ ಒತ್ತಿ ತುಂಬಿ ಮಂಜುಗಟ್ಟಿಸಬೇಕು. ದಾಲ್‌ಪುರಿಗೆ ಬೇಳೆ ಬೇಯಿಸಿ ಬೀಸಿಡಬೇಕು. ತಾವಾ, ಲಟ್ಟಣಿಗೆ, ದೊಡ್ಡ ಕಬ್ಬಿಣದ ಬಾಣಲೆ, ಹಾಸಿಗೆಯ ಹೊದಿಕೆ, ಸೊಳ್ಳೆಬತ್ತಿ, ಅತ್ತೆಯ ಮಂಡಿನೋವಿನ ಎಣ್ಣೆ. ಪ್ರತಿ ಡಬ್ಬಿಯ ಮೇಲೂ ಯಾವ ದಿನದ ಊಟಕ್ಕೆಂದು ವಾರದ ಹೆಸರು ಬರೆದಿರುತ್ತಿತ್ತು. ಅವಳ ಗಂಡ ಜಗ್ಲಾಲ್ ಮತ್ತು ಅವನ ಗೆಳೆಯರು ರಮ್ ಬಾಟಲಿಗಳನ್ನೂ ಇಸ್ಪೀಟನ್ನೂ ತರುತ್ತಿದ್ದರು. ಅವರ ಲೆಕ್ಕದಲ್ಲಿ ತಯಾರಿ ಎಂದರೆ ಅಷ್ಟೆ.

ಆದರೆ ಅವಳ ನಿಜವಾದ ಯೋಜನೆ ಡಬ್ಬಿಗಳಲ್ಲಿ ಇರಲಿಲ್ಲ. ಅದು ಮನೆ ಹುಡುಕುವುದರಲ್ಲಿತ್ತು. ಈಸ್ಟರ್ ವಾರಕ್ಕೆ ಬಾಡಿಗೆಗೆ ಮನೆ ಹಿಡಿಯುವವರು ಕಡಲು ಎಷ್ಟು ಹತ್ತಿರ, ಜಗಲಿ ಎಷ್ಟು ಅಗಲ ಎಂದು ಕೇಳುತ್ತಾರೆ. ಕೌಸಿಲ್ ಕೇಳುತ್ತಿದ್ದದ್ದು ಗೋಡೆ ಎಷ್ಟು ತೆಳು, ಮನೆಯವರು ಅಲ್ಲೇ ಇರುತ್ತಾರೋ, ಪಕ್ಕದ ಮನೆ ಎಷ್ಟು ದೂರ ಎಂದು.

ಕಾರಣವಿತ್ತು. ಪೆನಾಲಿನಲ್ಲಿ ಅವರ ಎಡಮಗ್ಗುಲಿಗೆ ಜಗ್ಲಾಲನ ಚಿಕ್ಕಪ್ಪನ ಮನೆ, ಎದುರಿಗೆ ಪಂಡಿತರದು. ಅಲ್ಲಿ ಜಗ್ಲಾಲ್ ಬಾಗಿಲು ಹಾಕಿ, ರೇಡಿಯೋ ಜೋರು ಮಾಡಿ, ಹೆಂಡತಿಯನ್ನು ಅಳತೆಯಿಟ್ಟು ಹೊಡೆಯುತ್ತಿದ್ದ. ರಜೆಯಲ್ಲಿ ಅಳತೆ ಇರಲಿಲ್ಲ. ಮೊದಲ ವರ್ಷ ಗುಡ್ಡದ ಮೇಲಿನ ಚೆಂದದ ಮನೆಯಲ್ಲಿ, ಮೂರನೆಯ ದಿನ, ದಾಲ್‌ಪುರಿ ಒಡೆದು ಬೇಳೆ ತಾವಾದ ಮೇಲೆ ಚೆಲ್ಲಿತೆಂದು ಅವಳ ತಲೆಯನ್ನು ಐಸ್ ಪೆಟ್ಟಿಗೆಯೊಳಗೆ ತುರುಕಿ, ಕುತ್ತಿಗೆಯ ಮೇಲೆ ಮುಚ್ಚಳ ಒತ್ತಿ ಹಿಡಿದ. ಕರಗಿದ ನೀರು ಮೂಗಿನಲ್ಲಿ, ಬಾಯಲ್ಲಿ. ಜಗಲಿಯಲ್ಲಿದ್ದ ಗೆಳೆಯರು ಹಾಡಿನ ಸದ್ದು ಏರಿಸಿದರು. ಒಲೆಯ ಮುಂದಿದ್ದ ಅತ್ತೆ ಸೌಟು ಬಿಡದೆ ಹೇಳಿದಳು: “ಸಾಕು ಬಿಡೋ, ಊಟ ಆರಿ ಹೋಗುತ್ತೆ.”

ಮುಂದಿನ ವರ್ಷದಿಂದ ಮನೆ ಆರಿಸುವ ಕೆಲಸವನ್ನು ಕೌಸಿಲ್ ತಾನೇ ವಹಿಸಿಕೊಂಡಳು. ಹೆಂಗಸರ ಕೆಲಸ ಒಂದು ಹೆಚ್ಚಾದರೆ ಯಾವ ಗಂಡಸು ಬೇಡವೆನ್ನುತ್ತಾನೆ? ಹುಡುಕಿ ಹುಡುಕಿ ಮಿಸ್ ಯೂಲಾಲಿ ಸಿಕ್ಕಳು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದಿಂದ ನಿವೃತ್ತಳಾದ, ಬಾಗಿಲಗಲದ ಕರಿಯ ಹೆಂಗಸು. ಮಹಡಿಯನ್ನು ಬಾಡಿಗೆಗೆ ಕೊಟ್ಟು ತಾನು ಕೆಳಗಿರುತ್ತಿದ್ದಳು. ಮೇಲೆ ಏನಾದರೂ ದಢಾರೆಂದರೆ ಪೊರಕೆಯ ಹಿಡಿಯಿಂದ ಚಾವಣಿಗೆ ಕುಟ್ಟುತ್ತಿದ್ದಳು. ಹೀಗೆ ಹಲವು ವರ್ಷ ಕೆನ್ನೆಗೆ ಬಿದ್ದದ್ದರಲ್ಲೇ ರಜೆ ಮುಗಿಯಿತು.

ಹೋದ ವರ್ಷ ಕುಟ್ಟಿದ್ದು ಸಾಲಲಿಲ್ಲ. ಜಗ್ಲಾಲ್ ಹೆಂಡತಿಯ ಎಡಗೈಯನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಜಗ್ಗಿದ. ಎರಡು ಬೆರಳು ಮುರಿದವು. ಎರಡನೆಯ ಸಲ ಜಗ್ಗುವ ಹೊತ್ತಿಗೆ ಮಿಸ್ ಯೂಲಾಲಿ ಕುದಿಯುವ ನೀರಿನ ಪಾತ್ರೆ ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದಳು.

“ಮಗಾ, ಇದು ನನ್ನ ಮನೆ. ಇಲ್ಲಿ ಯಾರ್ದಾದ್ರೂ ಮೂಳೆ ಮುರಿಯೋದಿದ್ರೆ, ಚರ್ಮ ಸುಲಿಯೋದಿದ್ರೆ, ಅದು ನನ್ನ ಕೆಲಸ. ಕೈ ಬಿಡ್ತೀಯೋ, ಸುರೀಲೋ?”

ಅವನು ಬಿಟ್ಟ. ಗೆಳೆಯರು ನಕ್ಕರು. “ಏ ಜಗ್ಲಾಲ್, ಅಜ್ಜಿ ನಿನ್ನ ಬಾತುಕೋಳಿ ಥರ ಬೇಯಿಸ್ತಾಳೆ ಕಣೋ!” ಆ ನಗುವನ್ನು ಅವನು ವರ್ಷವಿಡೀ ಮರೆಯಲಿಲ್ಲ.

ಈ ವರ್ಷ ಫೆಬ್ರವರಿಯ ಒಂದು ಭಾನುವಾರ ಊಟದ ಮಧ್ಯೆ ಹೇಳಿದ: “ಟೊಬೇಗೋದಲ್ಲಿ ಮನೆ ನಾನೇ ಹಿಡಿದಿದೀನಿ. ಆ ಮುದುಕಿ ಮನೆ ಬೇಡ.”

“ಎಲ್ಲಿ?” ಎಂದಳು ಕೌಸಿಲ್.

“ಗಾಳಿ ಬೀಸೋ ಕಡೆ, ಕಡಲ ದಂಡೆ ಮೇಲೆ. ಹಳೇ ಕೋಕೋ ತೋಟದ ಕೊನೇಲಿ.”

“ಅಕ್ಕಪಕ್ಕ ಯಾರಿದಾರೆ?”

“ಅಕ್ಕಪಕ್ಕ ಯಾಕೆ ಬೇಕು ನಿಂಗೆ? ಗಂಡ ಸಾಲಲ್ವಾ?”

“ನಿಮ್ಮ ಗೆಳೆಯರು?”

“ಈ ಸಲ ಅವರ್ಯಾರೂ ಬರಲ್ಲ. ನಾವು ನಾವೇ.” ಅವನು ಮೂಳೆ ಚೀಪಿ ತಟ್ಟೆಗೆ ಹಾಕಿದ. “ಹೋದ ವರ್ಷ ಅರ್ಧಕ್ಕೆ ನಿಂತಿತ್ತಲ್ಲ, ಅದನ್ನ ಮುಗಿಸೋಣ.”

ಅತ್ತೆ ಮಗನ ತಟ್ಟೆಗೆ ಇನ್ನೊಂದು ತುಂಡು ಬಡಿಸಿದಳು. ಹನ್ನೆರಡು ವರ್ಷದ ಮಗಳು ಇಂದ್ರಾನಿ ಅಮ್ಮನ ಮುಖ ನೋಡಿದಳು. ಮುಗಿಸುವುದು ಎಂದರೇನೆಂದು ಆ ಮೇಜಿನ ಸುತ್ತ ಕೂತ ಎಲ್ಲರಿಗೂ ತಿಳಿದಿತ್ತು.

ಮರುದಿನ ಕೌಸಿಲ್ ಅಂಗಡಿಯ ಫೋನಿನಿಂದ ಮಿಸ್ ಯೂಲಾಲಿಗೆ ಕರೆ ಮಾಡಿದಳು.

“ಆ ಮನೆ ಗೊತ್ತು ನಂಗೆ,” ಎಂದಳು ಮುದುಕಿ. “ಪಕ್ಕದ ಮನೆಗೆ ಮುಕ್ಕಾಲು ಗಂಟೆ ನಡೀಬೇಕು. ಅಲ್ಲಿಗೆ ಕಾಲಿಡಬೇಡ.”

“ಬರಲ್ಲ ಅಂದ್ರೆ ಇಲ್ಲೇ ಮುಗಿಸ್ತಾನೆ.”

“ವ್ಯಾನ್ ತರ್ತಾನಾ?”

“ಹೂಂ. ಅಡುಗೆ ಸಾಮಾನೆಲ್ಲ ಅದರಲ್ಲೇ.”

“ಹಾಗಾದ್ರೆ ಯೋಚನೆ ಮಾಡು. ವ್ಯಾನನ್ನ ಹಡಗಿನ ಹೊಟ್ಟೆಗೆ ಇಳಿಸೋಕೆ ಓಡಿಸೋನೊಬ್ಬನನ್ನೇ ಬಿಡ್ತಾರೆ. ಉಳಿದೋರು ಆಮೇಲೆ ನಡೆದು ಹತ್ತಬೇಕು. ಹತ್ತಲೇಬೇಕು ಅಂತ ಯಾವ ಕಾನೂನಿದೆ? ವಾರದ ಅಡುಗೇನ ಒಂದು ವ್ಯಾನಿಗೆ ತುಂಬೋಳು ನೀನು, ಮಿಕ್ಕಿದ್ದನ್ನ ನಾನು ಹೇಳ್ಬೇಕಾ?”

ಕೌಸಿಲ್ ಆ ವರ್ಷವೂ ಎಂದಿನಂತೆ ತಯಾರಿ ನಡೆಸಿದಳು. ಒಂದು ಡಬ್ಬಿ ಕಡಿಮೆಯಾದರೂ ಅವನಿಗೆ ಅನುಮಾನ ಬರುತ್ತಿತ್ತು. ಹೊರಡುವ ಹಿಂದಿನ ದಿನ ಹಿತ್ತಲಿನಲ್ಲಿ ಬಾತುಕೋಳಿಗಳ ರೆಕ್ಕೆಗಳನ್ನು ಕಾಲಡಿ ಒತ್ತಿ ಹಿಡಿದು ಒಂದೊಂದರ ಕತ್ತು ಕೊಯ್ದಳು. ಏಳನೆಯದು ಅರ್ಧ ಕೊಯ್ದ ಕತ್ತಿನಲ್ಲೇ ತಪ್ಪಿಸಿಕೊಂಡು ಓಡಿ, ಒಗೆದು ಹರವಿದ್ದ ಜಗ್ಲಾಲನ ಬಿಳಿ ಅಂಗಿಗೆ ರಕ್ತ ಹಾರಿಸಿತು. ಅವನು ವ್ಯಾನಿನಿಂದ ಹಗ್ಗ ತಂದ. ತೊಟ್ಟಿಯಲ್ಲಿ ಅದ್ದಿದ. ಬೆನ್ನು, ತೊಡೆ, ಮೀನಖಂಡ. ಅವಳು ಪುಕ್ಕ ಮತ್ತು ರಕ್ತದ ನಡುವೆ ಅಂಗೈ ಊರಿ ಬಿದ್ದಿದ್ದಳು. ಮಚ್ಚು ಅವಳಿಂದ ಒಂದು ಗೇಣು ದೂರದಲ್ಲಿತ್ತು. ಅದನ್ನು ಅವನೂ ನೋಡಿದ, ಕಾಲಿನಿಂದ ಅವಳ ಕಡೆಗೇ ತಳ್ಳಿದ. “ತಗೋ. ತಗೊಂಡು ನೋಡು.” ಅವಳು ತೆಗೆದುಕೊಳ್ಳಲಿಲ್ಲ.

ಬಾಗಿಲಲ್ಲಿ ನಿಂತ ಅತ್ತೆ ಕೂಗಿದಳು: “ಮುಖಕ್ಕೆ ಬೇಡ ಕಣೋ, ನಾಳೆ ಹಡಗಲ್ಲಿ ಜನ ನೋಡ್ತಾರೆ!”

ಅವನು ಒಳಗೆ ಹೋದ ಮೇಲೆ ಕೌಸಿಲ್ ಎದ್ದು ಆ ಹಕ್ಕಿಯನ್ನು ಹಿಡಿದು ಕೊಯ್ಲು ಮುಗಿಸಿದಳು. ಎಂಟನೆಯದನ್ನೂ ಕೊಯ್ದಳು. ಎಲ್ಲವನ್ನೂ ತೊಳೆದು, ಮಸಾಲೆ ಹಚ್ಚಿ, ಡಬ್ಬಿಗಳ ಮೇಲೆ ವಾರಗಳ ಹೆಸರು ಬರೆದಳು. ಅಂಗಿಯ ಕಲೆಯನ್ನು ನಿಂಬೆರಸದಲ್ಲಿ ತಿಕ್ಕಿ ತೆಗೆದಳು.

ಮರುದಿನ ಬಂದರಿನಲ್ಲಿ ಜಗ್ಲಾಲ್ ವ್ಯಾನನ್ನು ಹಡಗಿನ ಹೊಟ್ಟೆಯೊಳಗೆ ಓಡಿಸಿಕೊಂಡು ಹೋದ. ಹೆಂಗಸರು ಮೂವರೂ ಪ್ರಯಾಣಿಕರ ಕೋಣೆಯಲ್ಲಿ ಸಾಲು ನಿಂತರು. ಟಿಕೆಟುಗಳು ಅತ್ತೆಯ ಸೆರಗಿನಲ್ಲಿದ್ದವು. ವಾಹನಗಳು ಒಳಹೋದ ಹಡಗಿನ ಬಾಗಿಲನ್ನು ಎತ್ತಿ ಮುಚ್ಚುವ ಸರಪಳಿಯ ಸದ್ದು ಕೇಳಿದ ಮೇಲೆ ಕೌಸಿಲ್ ಹೇಳಿದಳು:

“ಮಾ, ನಾನೂ ಇಂದ್ರಾನಿಯೂ ಬರಲ್ಲ. ನೀವು ಬೇಕಾದ್ರೆ ಹೋಗಿ, ಬೇಡಾದ್ರೆ ಬಿಡಿ.”

ಅತ್ತೆಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಸೊಸೆಯ ಜಡೆಗೆ ಕೈ ಹಾಕಿ ಎಳೆದಳು. “ನಡಿ ಹಡಗಿಗೆ! ಏಯ್, ಯಾರಾದ್ರೂ ಹಿಡೀರಿ, ಮಗನ ಸಂಸಾರ ಮುರೀತಿದಾಳೆ!” ಕೌಸಿಲ್ ಬಿಡಿಸಿಕೊಳ್ಳಲು ನೋಡಿದಳು. ಆಗಲಿಲ್ಲ. ಬಗ್ಗಿ ಅತ್ತೆಯ ಮಣಿಕಟ್ಟನ್ನು ಕಚ್ಚಿದಳು, ಬಾಯಿಗೆ ಉಪ್ಪು ತಾಗುವವರೆಗೂ ಬಿಡಲಿಲ್ಲ.

“ಅಬ್ಬಾ, ಟಾಂಟಿ, ಸೊಸೆಗೆ ಬೆಳಗ್ಗೆ ತಿಂಡಿ ಕೊಟ್ಟಿರ್ಲಿಲ್ವಾ?” ಎಂದು ಸಾಲಿನಲ್ಲಿದ್ದ ಒಬ್ಬ ಅತ್ತೆಯನ್ನು ಚಿಕ್ಕಮ್ಮನೆಂದು ಕರೆದು ಕೂಗಿದ. ಜನ ನಕ್ಕರು. ಕಾವಲಿನವನು ಬಂದು ಮೂವರ ಕಡೆ ನೋಡಿ, ಮನೆಜಗಳವೆಂದು ತಿರುಗಿ ಹೋದ.

ಅತ್ತೆ ರಕ್ತ ಬಂದ ಕೈಯನ್ನು ಎದೆಗೆ ಒತ್ತಿಕೊಂಡು ಸೊಸೆಯನ್ನು ಮದುವಣಗಿತ್ತಿ ಎಂದು ಕರೆದು ತಗ್ಗಿದ ದನಿಯಲ್ಲಿ ಹೇಳಿದಳು: “ದುಲಾಹಿನ್, ನಿನ್ನ ಕಾಲಿಗೆ ಬೀಳ್ತೀನಿ. ನೀನಿಲ್ದೆ ನಾನೊಬ್ಬಳೇ ಸಿಕ್ರೆ ನನ್ನ ಬಿಡ್ತಾನಾ ಅವನು? ಅವನಪ್ಪನ ಕೈಯೇ ಕಣೇ ಅವನಿಗೆ ಬಂದಿರೋದು.”

ಹದಿಮೂರು ವರ್ಷದಲ್ಲಿ ಅತ್ತೆ ಮೊದಲ ಸಲ ಈ ಮಾತು ಆಡಿದ್ದಳು.

“ಹಾಗಾದ್ರೆ ನೀವೂ ಬನ್ನಿ ನಮ್ಜೊತೆ.”

ಅತ್ತೆ ಹಡಗಿನ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು. “ಅಷ್ಟೊಂದು ಮಾಂಸ ಕರಗಿ ಹೋಗುತ್ತೆ,” ಎಂದಳು. “ಅವನಿಗೆ ಅಕ್ಕಿ ಬೇಯಿಸೋಕೂ ಬರಲ್ಲ.” ಆಮೇಲೆ ಕುಂಟುತ್ತಾ ಹತ್ತಿ ಹೋದಳು. ಆ ಮನೆಯಲ್ಲಿ ಅವಳಿಗೆ ಏನಾಗಬಹುದೆಂದು ಕೌಸಿಲ್‌ಗೆ ಗೊತ್ತಿತ್ತು. ಮತ್ತೆ ಕರೆಯಲಿಲ್ಲ. ಇದನ್ನು ಅವಳು ಯಾರಿಂದಲೂ ಮುಚ್ಚಿಟ್ಟಿಲ್ಲ.

ಈಸ್ಟರ್ ಸಂದಣಿಯಲ್ಲಿ ವ್ಯಾನಿಗೆ ಹಿಂತಿರುಗಲು ಜಾಗ ಸಿಕ್ಕಿದ್ದು ಎಂಟು ದಿನದ ನಂತರದ ಹಡಗಿನಲ್ಲಿ. ವ್ಯಾನ್ ಬಿಟ್ಟು ಬರುವವನಲ್ಲ ಜಗ್ಲಾಲ್. ಹಾಗಾಗಿ ಕೌಸಿಲ್‌ಗೆ ಒಂದು ವಾರ ಸಿಕ್ಕಿತು.

ಅವಳು ಮಗಳನ್ನು ಕರೆದುಕೊಂಡು ಮಾರಾಬೆಲ್ಲಾದಲ್ಲಿರುವ ಅಕ್ಕ ತಾರಾಳ ಮನೆಗೆ ಹೋದಳು. ಆ ಓಣಿಯಲ್ಲಿ ಒಂದು ಮನೆಯವರು ಕೆಮ್ಮಿದರೆ ಮೂರನೆಯ ಮನೆಯವರು ನೀರು ಕುಡಿ ಅನ್ನುತ್ತಾರೆ.

“ಇಲ್ಯಾಕೆ ಬಂದೆ ಮಾರಾಯ್ತಿ?” ಎಂದು ತಾರಾ ಹಣೆ ಚಚ್ಚಿಕೊಂಡಳು. “ಅವನಿಗೆ ಈ ಮನೆ ಗೊತ್ತು. ಎಲ್ಲಾದ್ರೂ ದೂರ ಹೋಗಿ ಅಡಗ್ಕೋ.”

“ಅಡಗಿದ್ರೂ ಹುಡುಕ್ತಾನೆ ದೀದಿ, ಆಗ ಕಾಡಲ್ಲೋ ಕಬ್ಬಿನ ಗದ್ದೆಯಲ್ಲೋ ಸಿಕ್ಕಿಬೀಳ್ತೀನಿ. ಅವನು ಬರೋದಂತೂ ನಿಜ. ಎಲ್ಲಿಗೆ ಬರ್ಬೇಕು ಅನ್ನೋದನ್ನ ನಾನು ನೋಡ್ಕೋತೀನಿ.”

ರಜೆ ಮುಗಿದು ಕಚೇರಿಗಳು ತೆರೆದ ಕೂಡಲೇ ನ್ಯಾಯಾಲಯಕ್ಕೆ ಹೋಗಿ, ಅವನು ಹತ್ತಿರ ಬರಕೂಡದೆಂಬ ಆಜ್ಞೆಗೆ ಅರ್ಜಿ ಕೊಟ್ಟಳು. ಬೆನ್ನಿನ ಬಾಸುಂಡೆಗಳನ್ನು ವೈದ್ಯರಿಗೆ ತೋರಿಸಿ ಬರೆಸಿಕೊಂಡಳು. ಉಳಿದ ದಿನಗಳಲ್ಲಿ ಓಣಿಯ ಇಪ್ಪತ್ತಮೂರು ಮನೆಗಳ ಬಾಗಿಲು ತಟ್ಟಿದಳು. ಎಲ್ಲ ಕಡೆಯೂ ಒಂದೇ ಮಾತು: “ನಾನು ತಾರಾಳ ತಂಗಿ. ಶುಕ್ರವಾರ ಹಡಗು ಬರುತ್ತೆ. ಆಮೇಲೆ ಯಾವಾಗ ನಾನು ಕೂಗಿದ್ರೂ ಬನ್ನಿ. ಕೈಯಲ್ಲಿ ಏನಾದ್ರೂ ಹಿಡ್ಕೊಂಡು ಬನ್ನಿ.”

ಕೆಲವರು ಬಾಗಿಲು ಹಾಕಿಕೊಂಡರು. ಕೆಲವರು ಕೂರಿಸಿ, ತಮ್ಮ ತೋಳಿನ ಹಳೆಯ ಗುರುತು ತೋರಿಸಿದರು. ಮೂಲೆಮನೆಯ ಟಾಂಟಿ ಮರ್ಲ್ ಹೇಳಿದಳು: “ನಾನು ಕಿವುಡಿ ಕಣಮ್ಮಾ, ನೀನು ಕೂಗಿದ್ದು ನಂಗೆ ಕೇಳಲ್ಲ. ಆದ್ರೆ ಓಣಿಯವರೆಲ್ಲ ಓಡೋದು ಕಣ್ಣಿಗೆ ಕಾಣುತ್ತಲ್ಲ, ನಾನೂ ಓಡ್ತೀನಿ.”

ಶನಿವಾರ ಬೆಳಗ್ಗೆ ಗೇಟಿನ ಹೊರಗೆ ಅತ್ತೆ ನಿಂತಿದ್ದಳು. ಬಲಗೈಗೆ ಪ್ಲಾಸ್ಟರ್. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು, ತುಟಿ ಸೀಳಿತ್ತು. ತಿರುವಿನಲ್ಲಿ ವ್ಯಾನು ನಿಂತಿತ್ತು.

“ದುಲಾಹಿನ್, ಮನೆಗೆ ಬಾ!” ಎಂದು ಅತ್ತೆ ಜೋರಾಗಿ ಕರೆದಳು. “ಅವನು ಎಲ್ಲಾ ಮರೆತಿದಾನೆ! ಗೇಟು ತೆಗಿ!” ಕೌಸಿಲ್ ಹತ್ತಿರ ಬಂದಾಗ ತುಟಿ ಅಲುಗಿಸದೆ ಹೇಳಿದಳು: “ತೆಗೀಬೇಡ. ಮಚ್ಚು ತಂದಿದಾನೆ.”

ಕೌಸಿಲ್ ಪ್ಲಾಸ್ಟರ್ ನೋಡಿದಳು. “ಕೂಗಿದ್ರಾ, ಮಾ?”

“ಮೂರು ದಿನ ಕೂಗ್ದೆ. ಯಾರಿದಾರೆ ಅಲ್ಲಿ?”

ವ್ಯಾನಿನ ಬಾಗಿಲು ತೆರೆಯಿತು. ಜಗ್ಲಾಲ್ ಇಳಿದು ನೇರ ನಡೆದು ಬಂದ. ದಾರಿಯಲ್ಲಿದ್ದ ತಾಯಿಯನ್ನು ಮೊಣಕೈಯಿಂದ ಚರಂಡಿಗೆ ತಳ್ಳಿ ಗೇಟು ಹತ್ತಿದ. ಕೌಸಿಲ್ ಬಾಯಿ ತೆರೆದಳು.

ಓಣಿಯ ಆಚೆ ತುದಿಗೆ ಕೇಳುವಂಥ ಕೂಗು ಅದು. ಮಚ್ಚಿನ ಮೊದಲ ಏಟು ಅವಳು ಅಡ್ಡ ಹಿಡಿದ ತೋಳಿಗೆ ಬಿತ್ತು, ಮೂಳೆಯವರೆಗೂ ಸೀಳಿತು. ಎರಡನೆಯದು ಗೇಟಿನ ಕಂಬಿಗೆ ಬಡಿಯಿತು. ಮೂರನೆಯದಕ್ಕೆ ಅವನು ಕೈ ಎತ್ತಿದಾಗ ಹಿಂದಿನಿಂದ ಯಾರೋ ಸೌದೆ ತುಂಡಿನಿಂದ ಅವನ ಮಂಡಿಗೆ ಹೊಡೆದರು. ಆಮೇಲೆ ಬಂದವರನ್ನು ಎಣಿಸಿದವರಿಲ್ಲ. ಸೌಟು, ಒನಕೆಯಂಥ ಬಟ್ಟೆ ಕುಟ್ಟುವ ಕೋಲು, ಇಟ್ಟಿಗೆ, ಚಪ್ಪಲಿ, ರೊಟ್ಟಿ ಹಿಟ್ಟು ಅಂಟಿದ ಬರಿಗೈ. ಬಾಗಿಲು ಹಾಕಿಕೊಂಡಿದ್ದ ಮನೆಗಳಿಂದಲೂ ಹೆಂಗಸರು ಬಂದರು. ಟಾಂಟಿ ಮರ್ಲ್ ಅವನ ಎದೆಯ ಮೇಲೆ ಕೂತಳು, ಏಳಲಿಲ್ಲ. ಅವನ ಹಲ್ಲುಗಳು ಸಿಮೆಂಟಿನ ಮೇಲೆ ಚೆಲ್ಲಿದ್ದವು. “ಸಾಕು, ಸತ್ತೋಗ್ತಾನೆ!” ಎಂದು ಒಬ್ಬ ಗಂಡಸು ಬಿಡಿಸಲು ಬಂದ. ಅವನಿಗೂ ನಾಲ್ಕು ಬಿದ್ದವು.

ಕೌಸಿಲ್ ಮಾತ್ರ ಇನ್ನೂ ಕೂಗುತ್ತಿದ್ದಳು. ಇಂದ್ರಾನಿ ಟವೆಲ್ ತಂದು ತೋಳಿಗೆ ಬಿಗಿಯುತ್ತಿದ್ದರೂ ಕೂಗುತ್ತಿದ್ದಳು. ತಾರಾ ಅವಳ ಬಾಯಿ ಮುಚ್ಚಲು ಹೋದಾಗ ಟಾಂಟಿ ಮರ್ಲ್ ಕೂತಲ್ಲಿಂದಲೇ ಕೈಯಾಡಿಸಿದಳು: “ಬಿಡು, ಅವಳಿಗೆ ಅದೊಂದಾದ್ರೂ ಪೂರ್ತಿ ಮುಗೀಲಿ.”

ಪೊಲೀಸರು ಬಂದರು. ಯಾರು ಕಡಿದದ್ದು, ಯಾರು ಹೊಡೆದದ್ದು ಎಂದು ಸಾರ್ಜೆಂಟ್ ಕೇಳಿದ. ಹೊಡೆದವರ ವಿಷಯದಲ್ಲಿ ಓಣಿಯ ಯಾರಿಗೂ ಏನೂ ಕಂಡಿರಲಿಲ್ಲ. ಕಡಿದದ್ದರ ಬಗ್ಗೆ ಕೌಸಿಲ್‌ಳನ್ನು ಕೇಳಿದ, ಅವಳ ಗಂಟಲಿನಿಂದ ಗಾಳಿ ಮಾತ್ರ ಬಂತು.

“ಗಂಡ ಹೆಂಡತಿ ಜಗಳಾನಾ?” ಎಂದು ಪುಸ್ತಕ ಮಡಚತೊಡಗಿದ.

ಚರಂಡಿಯಲ್ಲಿ ಕೆಸರಾಗಿ ಕೂತಿದ್ದ ಅತ್ತೆ ಎಡಗೈಯಲ್ಲಿ ಅವನ ಷರಾಯಿ ಹಿಡಿದು ಜಗ್ಗಿದಳು.

“ತೆಗಿ ಪುಸ್ತಕ. ಕಡಿದೋನು ನನ್ನ ಮಗ, ಜಗ್ಲಾಲ್. ನನ್ನ ಕೈ ಮುರಿದೋನೂ ಅವನೇ. ಅವನನ್ನ ಹೆತ್ತೋಳು ಹೇಳ್ತಿದೀನಿ, ಬರ್ಕೋ.”