ಜ್ವರ ಬಿಟ್ಟ ಮೇಲಿನ ನಿದ್ದೆ

ಮೂಡುಬಿದಿರೆಯ ಮನೆಮನೆಗೂ ಫ್ಲೂ ಜ್ವರ ಬಂದುಹೋದ ಆ ವರ್ಷ ನನ್ನ ವಯಸ್ಸಿನ ಅನೇಕರಿಗೆ ನೆನಪಿರಬಹುದು. ಆಗ ನಾನು ಐದನೆಯ ತರಗತಿಯಲ್ಲಿದ್ದೆ. ಬರೆದು ಅಭ್ಯಾಸವಿಲ್ಲದ ಕಾರಣ, ತಪ್ಪುಗಳಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ಮೊದಲೇ ವಿನಂತಿಸಿಕೊಳ್ಳುತ್ತೇನೆ. ಆದರೆ ದೊಡ್ಡಮ್ಮನನ್ನು ಮನ್ನಿಸುವಂತೆ ನನ್ನನ್ನು ಯಾರೂ ಕೇಳಬಾರದು.

ಸದರಿ ಜ್ವರ ನನ್ನನ್ನು ಬೇಗನೆ ಬಿಟ್ಟಿತು. ಅದರ ಬೆನ್ನಿಗೆ ಬಂದ ಆಯಾಸ ಬಿಡಲಿಲ್ಲ. ಮಿಡಿ ಉಪ್ಪಿನಕಾಯಿಯ ಭರಣಿ ತೆರೆದರೂ ಮೂಗಿಗೆ ವಾಸನೆ ತಿಳಿಯುತ್ತಿರಲಿಲ್ಲ. ಚೆನ್ನೆಮಣೆ ಆಟದಲ್ಲಿ ಒಂದು ಸುತ್ತು ಕಾಯಿ ಹಂಚುವಷ್ಟರಲ್ಲಿ ಕೈ ಸೋಲುತ್ತಿತ್ತು. ಶಾಲೆಯಿಂದ ಬಂದು ಚಾವಡಿಯ ತಣ್ಣನೆಯ ನೆಲಕ್ಕೆ ಒರಗಿದರೆ, ಕಣ್ಣು ತೆರೆಯುವಾಗ ದೀಪ ಹಚ್ಚಿ ಆಗಿರುತ್ತಿತ್ತು.

ನಮ್ಮದು ಜೈನರ ಮನೆ. ಸೂರ್ಯ ಮುಳುಗುವುದರೊಳಗೆ ಊಟ ಮುಗಿದು, ಒಲೆ ಸಾರಿಸಿ ಆಗಬೇಕು. ಯಜಮಾನರಾದ ಸೋದರಮಾವ ಉಣ್ಣುವ ಮೊದಲು ಮಕ್ಕಳಿಗೆ ಬಡಿಸುವ ಪದ್ಧತಿ ಇರಲಿಲ್ಲ. ಅಡುಗೆಮನೆ ಅಮ್ಮನ ಅಕ್ಕನ, ಅಂದರೆ ದೊಡ್ಡಮ್ಮನ, ಅಧೀನದಲ್ಲಿತ್ತು.

“ಅಕ್ಕಾ, ಎಷ್ಟು ಎಬ್ಬಿಸಿದ್ರೂ ಏಳುದಿಲ್ಲ. ಮೈಯಲ್ಲಿ ತ್ರಾಣವೇ ಇಲ್ಲ ಅವಳಿಗೆ,” ಎಂದು ಅಮ್ಮ ಅಂಗಲಾಚುತ್ತಿದ್ದಳು.

“ಜ್ವರ ಬಿಟ್ಟು ಎಷ್ಟು ಸಮಯ ಆಯ್ತು ಮಾರಾಯ್ತಿ? ಇದು ಕಳ್ಳ ನಿದ್ದೆ. ನಿನ್ನ ಮಗಳಿಗೋಸ್ಕರ ಸೂರ್ಯ ಕಾಯ್ತಾನಾ?”

“ಹಾಗಾದ್ರೆ ಊಟ ಸ್ವಲ್ಪ ಬೇಗ ಮಾಡುವ. ಅವಳು ಶಾಲೆಯಿಂದ ಬಂದ ಕೂಡಲೇ.”

“ಇಷ್ಟು ಉದ್ದದ ಹುಡುಗಿಗಾಗಿ ಇಡೀ ಮನೆ ಹೊತ್ತಲ್ಲದ ಹೊತ್ತಿಗೆ ಉಣ್ಬೇಕಾ?”

ಹೀಗೆ ನಾನು ಹಸಿದು ಮಲಗಿದೆ, ಮತ್ತಷ್ಟು ಸೊರಗಿದೆ, ತರಗತಿಯಲ್ಲಿಯೂ ತೂಕಡಿಸತೊಡಗಿದೆ. “ಕಲಿಯಲಿಕ್ಕೂ ಇಲ್ಲ, ಕೆಲಸಕ್ಕೂ ಇಲ್ಲ. ಶಾಲೆ ಬಿಡಿಸುವ,” ಎಂದು ದೊಡ್ಡಮ್ಮ ಮಾವನೆದುರು ತೀರ್ಪು ಕೊಟ್ಟಳು. ಮಾವ ಒಪ್ಪಿದರು. ನನ್ನ ಸ್ಲೇಟು ತಮ್ಮನ ಪಾಲಾಯಿತು.

ಅನಂತರ ಜ್ವರ ದೊಡ್ಡಮ್ಮನಿಗೇ ಬಂತು. ಬಿಟ್ಟ ಮೇಲೆ ಆಕೆಯೂ ಸಂಜೆ ಅದೇ ಚಾವಡಿಯಲ್ಲಿ ಒರಗತೊಡಗಿದಳು. “ಕಾಲು ನನ್ನದೇ ಅಲ್ಲ ಅಂತ ಆಗ್ತದೆ. ಉಪ್ಪಿನಕಾಯಿಗೆ ವಾಸನೆಯೇ ಇಲ್ಲ,” ಎಂದಳು. ಕಳ್ಳ ನಿದ್ದೆಯೆಂದು ಯಾರೂ ಅನ್ನಲಿಲ್ಲ. ಡಾಕ್ಟರರು ಮನೆಗೇ ಬಂದು, ಜ್ವರ ಹೋದರೂ ಆಯಾಸ ತಿಂಗಳುಗಟ್ಟಲೆ ಉಳಿಯುವುದುಂಟು ಎಂದರು. ಮರುದಿನದಿಂದ ಇಡೀ ಮನೆಯ ಊಟ ಬೇಗನೆ ಆಯಿತು. ಶಾಲೆ ಬಿಟ್ಟು ಮಕ್ಕಳು ಮನೆ ಸೇರುವ ಹೊತ್ತಿಗೆ ಸರಿಯಾಗಿ.

ಬಡಿಸಿದವಳು ನಾನೇ. “ನನಗೂ ಹೀಗೇ ಆಗಿತ್ತಲ್ಲ ದೊಡ್ಡಮ್ಮ?” ಎಂದು ಕೇಳಿದೆ.

“ಮಕ್ಕಳಿಗೆಂಥ ಆಯಾಸ? ಮಜ್ಜಿಗೆ ಹಾಕು.”

ಮಳೆಗಾಲ ಮುಗಿಯುವಾಗ ಇಬ್ಬರ ಆಯಾಸವೂ ಹೋಯಿತು, ವಾಸನೆಯೂ ಮರಳಿತು. ಈಗ ಆ ಚಾವಡಿಯಿಲ್ಲ, ದೊಡ್ಡಮ್ಮನಿಲ್ಲ, ಸೂರ್ಯನನ್ನು ನೋಡಿ ಉಣ್ಣುವವರೂ ಕಡಿಮೆ. ಇವುಗಳಿಗಾಗಿ ನನಗೆ ದುಃಖವಿಲ್ಲವೆಂದು ಸ್ಪಷ್ಟಪಡಿಸಲು ಇಚ್ಛಿಸುತ್ತೇನೆ. ಆರನೆಯ ತರಗತಿಯ ಕೋಣೆಯನ್ನು ಮಾತ್ರ ನಾನು ಕಿಟಕಿಯ ಹೊರಗಿನಿಂದಲೇ ನೋಡಿದ್ದು.