ಕ್ಲಾರಾ ಅವರೊಡನೆ ಅಕ್ಕನ ಊರಿಗೆ

ಕೊಳ್ಳೇಗಾಲದಿಂದ ಹನೂರಿಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಆ ಭಾನುವಾರ ನಮಗೆ ಸಿಕ್ಕಿದ್ದು ಕೊನೆಯ ಸೀಟು. ನನ್ನ ಜೊತೆಗಿದ್ದವರು ಮಿಸ್ ಕ್ಲಾರಾ, ಅಮೆರಿಕದ ಶಿಕಾಗೊ ನಗರದ ಉಪಾಧ್ಯಾಯಿನಿ. ನಮ್ಮ ಹೈಸ್ಕೂಲಿನ ಪಾಠಪ್ರವಚನ ನೋಡಲು ಮೂರು ವಾರದ ಮಟ್ಟಿಗೆ ಬಂದಿದ್ದರು. ನಾನು ಇಂಗ್ಲಿಷ್ ಮೇಷ್ಟ್ರಾದ್ದರಿಂದ ಅವರನ್ನು ಸುತ್ತಾಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಮ್ಮ ಕಡೆಯವರಂತೆಯೇ ಕಪ್ಪು ಮೈಬಣ್ಣ, ಗುಂಗುರು ಕೂದಲು. ಕಂಡಕ್ಟರ್ ಅವರನ್ನು ತಮಿಳಿನಲ್ಲಿ ಮಾತಾಡಿಸಿ, ಉತ್ತರ ಬಾರದೆ ನನ್ನ ಮುಖ ನೋಡಿದ.

ಹನೂರು ಹದಿನೈದು ಮೈಲಿ. ಮಳೆ ಬಿದ್ದು ಹಿಪ್ಪುನೇರಳೆ ತೋಟಗಳು ಚಿಗುರಿದ್ದವು. ಮಾತಿಗೆಂದು ಅವರ ಮನೆಯ ಬಗ್ಗೆ ಕೇಳಿದೆ. ಶಿಕಾಗೊದಲ್ಲಿ ಕರಿಯರ ಬಡಾವಣೆ ಬೇರೆ, ಬಿಳಿಯರದು ಬೇರೆ. ನಡುವೆ ಗೋಡೆಯಿಲ್ಲ, ಒಂದು ರಸ್ತೆ ಅಷ್ಟೆ. ಅಂಚೆ ಕಚೇರಿಯಲ್ಲಿದ್ದ ಅವರ ತಂದೆ ಆ ರಸ್ತೆಯಾಚೆ ಮನೆ ಕೊಂಡರಂತೆ. ಮೊದಲ ವಾರವೇ ಕಿಟಕಿಗೆ ಕಲ್ಲು ಬಿತ್ತು. ಮಕ್ಕಳನ್ನು ಹಿಂದಿನ ಕೋಣೆಯಲ್ಲಿ ನೆಲದ ಮೇಲೆ ಮಲಗಿಸಿದರು. ತಂದೆ ಮನೆ ಬಿಡಲಿಲ್ಲ. ಅಕ್ಕಪಕ್ಕದ ಬಿಳಿಯರೇ ಒಬ್ಬೊಬ್ಬರಾಗಿ ಮಾರಿಕೊಂಡು ಹೋದರು. ಎರಡು ವರ್ಷದಲ್ಲಿ ಆ ಬೀದಿಯೂ ಕರಿಯರ ಬೀದಿಯಾಯಿತು.

"ಕಲ್ಲಿಗಿಂತ ಅದೇ ನಮ್ಮಮ್ಮನಿಗೆ ಹೆಚ್ಚು ನೋವಾಯಿತು. ಪಕ್ಕದ ಮನೆಯಾಕೆ ಇವತ್ತು ಮಾತಾಡಿಯಾಳು, ನಾಳೆ ಮಾತಾಡಿಯಾಳು ಎಂದು ಕಾಯುತ್ತಿದ್ದಳು" ಎಂದರು.

ನನಗೆ ರೋಷ ಬಂತು. ಅಷ್ಟು ದೊಡ್ಡ ದೇಶದಲ್ಲಿ ಹೀಗೂ ಉಂಟೇ ಎಂದು ಬಸ್ಸಿಳಿಯುವವರೆಗೂ ಭಾಷಣ ಮಾಡಿದೆ.

ಹನೂರಿನಿಂದ ಅಕ್ಕನ ಊರಿಗೆ ಎರಡು ಮೈಲಿ ನಡಿಗೆ. ಅಕ್ಕ ಮುದ್ದೆ, ಹುರುಳಿಕಾಳಿನ ಉಪ್ಸಾರು ಮಾಡಿದ್ದಳು. ಕ್ಲಾರಾ ಮುದ್ದೆಯನ್ನು ಅಗಿಯಲು ಹೋಗಿ ಹಲ್ಲಿಗೆ ಅಂಟಿಸಿಕೊಂಡಾಗ, ಪಕ್ಕದಲ್ಲಿ ಕೂತು ನುಂಗುವುದನ್ನು ಕಲಿಸಿದಳು. ಅವರ ಕೂದಲು ಮುಟ್ಟಿ ನೋಡಿ, ನಮ್ಮ ದೊಡ್ಡಮ್ಮನ ಕೂದಲೂ ಹೀಗೇ ಇತ್ತಲ್ಲವೇ ಎಂದು ನನ್ನನ್ನು ಕೇಳಿದಳು.

ಊಟವಾದ ಮೇಲೆ ಊರು ನೋಡಲು ಹೊರಟೆವು. ಬೀದಿ ಮುಗಿದು, ಒಂದು ಹೊಲದಷ್ಟು ಬಯಲು ಕಳೆದರೆ ಮತ್ತೆ ಇಪ್ಪತ್ತು ಮನೆ. ಅಲ್ಲಿ ಯಾರಿದ್ದಾರೆ ಎಂದು ಕ್ಲಾರಾ ಕೇಳಿದರು. ಅದು ಕೆಳಗಿನ ಕೇರಿ. ನಮ್ಮ ಶಾಲೆಯಲ್ಲಿ ಲೆಕ್ಕದ ಪಾಠ ಮಾಡುವ ಪುಟ್ಟಮಾದಯ್ಯನವರ ಮನೆ ಅಲ್ಲೇ. ಭಾನುವಾರ ತಾಯಿಯ ಬಳಿಗೆ ಬರುತ್ತಿದ್ದರು. ಆರು ವರ್ಷದಿಂದ ಶಾಲೆಯ ಮೇಷ್ಟ್ರ ಕೋಣೆಯಲ್ಲಿ ಒಟ್ಟಿಗೆ ಕೂರುತ್ತಿದ್ದವರು ನಾವು. ವರ್ಷಕ್ಕೆ ನಾಲ್ಕು ಸಲ ಅಕ್ಕನ ಮನೆಗೆ ಬಂದರೂ ನಾನು ಆ ಬಯಲು ದಾಟಿರಲಿಲ್ಲ. ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗ ಬಸ್ಸಿನ ಭಾಷಣ ನೆನಪಾಗಿ ನಾಲಿಗೆ ತಡವರಿಸಿತು. ಕ್ಲಾರಾ, ಅವರು ಈಗ ಮನೆಯಲ್ಲಿರುತ್ತಾರೆಯೇ ಎಂದಷ್ಟೇ ಕೇಳಿದರು.

ಇದ್ದರು. ಬನಿಯನ್ನಿನಲ್ಲಿದ್ದ ಪುಟ್ಟಮಾದಯ್ಯ ಗಡಿಬಿಡಿಯಿಂದ ಷರಟು ತೊಟ್ಟು ಚಾಪೆ ಹಾಸಿದರು. ಅವರ ತಾಯಿ ಬಾಳೆಹಣ್ಣಿನ ಚಿಪ್ಪು ತಂದಿಟ್ಟು ದೂರ ನಿಂತರು. ನಮ್ಮಂಥವರು ಆ ಮನೆಯಲ್ಲಿ ಬೇರೇನೂ ಮುಟ್ಟುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಕ್ಲಾರಾ ನೀರು ಕೇಳಿದರು. ನಾನೂ ಕೇಳಿದೆ.

"ನಮ್ಮನೆ ನೀರು ಕುಡ್ದೀರಾ ಬುದ್ದಿ?" ಎಂದರು ಆ ತಾಯಿ.

ಮಗ ನೆಲ ನೋಡಿದರು. ನಾನು ಎರಡು ಕೈಯಲ್ಲಿ ಚೊಂಬು ಹಿಡಿದು ಕುಡಿದೆ.

ನಾವು ಹಿಂತಿರುಗುವ ಮೊದಲೇ ಸುದ್ದಿ ಅಕ್ಕನ ಮನೆ ಮುಟ್ಟಿತ್ತು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಅವಳ ಅತ್ತೆ ಗೊಣಗುವುದು ಕೇಳಿಸುತ್ತಿತ್ತು.

"ಒಳಕ ಬರಾದ್ ಬ್ಯಾಡ ಕಣ್ಲಾ, ಅತ್ತ ಒಪ್ಪಲ್ಲ. ಇಲ್ಲೇ ಕೂತ್ಕಳಿ, ನಾನೇ ಈಚ್ಗ ಬತ್ತೀನಿ" ಎಂದಳು.

ಮೂರು ಲೋಟ ಕಾಫಿ ತಂದು, ಜಗಲಿಯ ಮೇಲೆ ನಮ್ಮಿಬ್ಬರ ನಡುವೆ ಕೂತು ತಾನೂ ಕುಡಿದಳು. ಬೀದಿಯವರು ನೋಡುತ್ತಿದ್ದರು. ಅವಳ ಮಾತನ್ನು ಒಂದೂ ಬಿಡದೆ ಕ್ಲಾರಾಗೆ ಹೇಳಿದೆ. ಅವರು ಅಕ್ಕನ ಕೈ ಹಿಡಿದುಕೊಂಡು, ಹೊರಡುವವರೆಗೂ ಬಿಡಲಿಲ್ಲ.

ಸಂಜೆಯ ಬಸ್ಸಿನಲ್ಲಿ ಹಿಂದೆ ಬೆಟ್ಟಸಾಲು ಮಸುಕಾಗುವುದನ್ನು ನೋಡುತ್ತ ಕೂತೆವು. ಕೊಳ್ಳೇಗಾಲ ಹತ್ತಿರವಾದಾಗ ಕ್ಲಾರಾ, ಪುಟ್ಟಮಾದಯ್ಯ ಎಂದಾದರೂ ನಿಮ್ಮ ಮನೆಗೆ ಬಂದಿದ್ದಾರೆಯೇ ಎಂದರು. ಇಲ್ಲ ಎಂದೆ.

ಮರುದಿನ ಶಾಲೆಯಲ್ಲಿ ಪುಟ್ಟಮಾದಯ್ಯನವರನ್ನು ಮನೆಗೆ ಊಟಕ್ಕೆ ಕರೆದೆ. ಅವರು ನಕ್ಕರು.

"ಮನೇಲಿ ಕೇಳಿದ್ದೀರಾ ಸಾ?"

ಕೇಳಿರಲಿಲ್ಲ. ಸಂಜೆ ಮನೆಗೆ ಹೋದವನೇ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಆ ತಾಯಿ ನೀರು ಕೊಟ್ಟದ್ದನ್ನೂ ಹೇಳಿ ಹೆಂಡತಿಯನ್ನು ಕೇಳಿದೆ. ಅವಳು ಬಹಳ ಹೊತ್ತು ಒಲೆ ಊದಿದಳು. ಆಮೇಲೆ, ಅವರ ತಾಯಿಯೂ ಬರುತ್ತಾರೆಯೇ ಎಂದು ಕೇಳಿದಳು.